ಶಾಲೆಗೂ ಒಂದು ಶಾಸನ: ಮಿಥಿಕ್ ಸೊಸೈಟಿ ನಡೆದ ದಾರಿ ಮತ್ತು ಮುಂದಿನ ಕೆಲಸ

ನಮ್ಮ ಸರ್ಕಾರಿ ಶಾಲೆಗಳ ಗೋಡೆಗಳಲ್ಲಿ ಸಾಮಾನ್ಯವಾಗಿ ಒಂದು ಕಲ್ಲು ಇರುತ್ತದೆ. ಕೊಠಡಿಯನ್ನು ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು, ಯಾವ ಅನುದಾನ, ಎಷ್ಟು ಲಕ್ಷ ಎಂಬುದೆಲ್ಲ ಅದರಲ್ಲಿ ಕ್ರಮವಾಗಿ ಕೊರೆದಿರುತ್ತದೆ. ಶಾಲೆ ಯಾವ ವರ್ಷ ಹುಟ್ಟಿತು, ಜಾಗ ಬಿಟ್ಟುಕೊಟ್ಟವರು ಯಾರು, ಅದಕ್ಕೆ ಮುಂಚೆ ಆ ಊರಿನ ಮಕ್ಕಳು ಎಲ್ಲಿ ಓದುತ್ತಿದ್ದರು, ಯಾರ ಮಕ್ಕಳು ಓದುತ್ತಲೇ ಇರಲಿಲ್ಲ ಎಂಬುದು ಮಾತ್ರ ಅಲ್ಲಿ ಸಿಗುವುದಿಲ್ಲ. ಸಾವಿರಗಟ್ಟಲೆ ಶಾಸನಗಳ ನಾಡಿನಲ್ಲಿ ಊರಿನ ಶಾಲೆಗೇ ಶಾಸನವಿಲ್ಲ. ಮಿಥಿಕ್ ಸೊಸೈಟಿಯ ಇತಿಹಾಸವನ್ನು ಈ ಸಂಚಿಕೆಗಾಗಿ ಬರೆಯುವಾಗ ಈ ಕೊರತೆಯನ್ನೇ ಎದುರಿಗಿಟ್ಟುಕೊಳ್ಳಲು ಕಾರಣವಿದೆ. ನೂರು ವರ್ಷ ದಾಟಿದ ಈ ಸಂಸ್ಥೆ ವಿದ್ವಾಂಸರ ಉಪನ್ಯಾಸ ಮಂದಿರವಾಗಿ ಆರಂಭವಾಗಿ, ಈಗ ಹೊಲದ ಬದುವಿನಲ್ಲಿ ಒರಗಿರುವ ಶಾಸನಕಲ್ಲುಗಳವರೆಗೆ ಬಂದಿದೆ. ಅಲ್ಲಿಂದ ಊರಿನ ಶಾಲೆಯ ಅಂಗಳಕ್ಕೆ ದೂರವೇನೂ ಇಲ್ಲ. ಶಾಲೆಗಳಿಗೂ ಊರಿನ ಸಾರ್ವಜನಿಕ ತಾಣಗಳಿಗೂ ಪ್ರಮಾಣಬದ್ಧವಾದ ಗುರುತುಕಲ್ಲು ನಿಲ್ಲಿಸುವ ಯೋಜನೆ ಈ ಸಂಸ್ಥೆಯ ಸಹಜವಾದ ಮುಂದಿನ ಹೆಜ್ಜೆ ಎಂಬುದು ಈ ಲೇಖನದ ವಾದ.

1860–1905: ಶಾಲಾ ತಪಾಸಣೆಯಿಂದ ಶಾಸನ ಸಂಗ್ರಹಕ್ಕೆ

ಸೊಸೈಟಿ ಹುಟ್ಟುವ ಹೊತ್ತಿಗೆ ಅದಕ್ಕೆ ಬೇಕಾದ ನೆಲ ಹದವಾಗಿತ್ತು. ಹದ ಮಾಡಿದವರಲ್ಲಿ ಮೊದಲು ನೆನೆಯಬೇಕಾದವರು ಬೆಂಜಮಿನ್ ಲೂಯಿ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು ವೃತ್ತಿಯಿಂದ ಶಿಕ್ಷಣ ಇಲಾಖೆಯವರು. 1858ರಲ್ಲಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರರಾದರು. ಕೊನೆಗೆ ಇಲಾಖೆಯ ನಿರ್ದೇಶಕರ ಹುದ್ದೆಗೂ ಏರಿದರು. ಶಾಲಾ ತಪಾಸಣೆಗೆಂದು ಸಂಸ್ಥಾನದ ಉದ್ದಗಲ ಓಡಾಡುವಾಗಲೇ ಅವರಿಗೆ ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ ನಿಂತ ಶಾಸನಗಳ ಹುಚ್ಚು ಹಿಡಿದದ್ದು. 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹನ್ನೆರಡು ಸಂಪುಟಗಳಾಗಿ ಬೆಳೆದು, ಒಂಬತ್ತು ಸಾವಿರದ ಸಮೀಪ ಶಾಸನಗಳನ್ನು ಓದುಗರ ಕೈಗಿತ್ತಿತು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರ ಒಂಬತ್ತನೆಯ ಸಂಪುಟದಲ್ಲಿ, 1905ರಲ್ಲಿ ಬಂದವು. (ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್ ಈ ರೈಸರದಲ್ಲ, ಅವರ ತಂದೆಯ ನೆನಪಿನದು. ಹೆಸರಿನ ಜೊತೆಗೆ ಒಂದು ಸಾಲಿನ ವಿವರ ಇಲ್ಲದಿದ್ದರೆ ಗುರುತುಗಳೇ ಜನರನ್ನು ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಇದೂ ಒಂದು ನಿದರ್ಶನ.)

ಇದೇ ರೈಸರು 1868ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆಗೂ ಕಾರಣರಾದವರು. ಪಟ್ಟಣಗಳಲ್ಲೇ ಉಳಿದಿದ್ದ ಹೊಸ ಶಿಕ್ಷಣವನ್ನು ಹಳ್ಳಿಯ ಕಡೆಗೆ ಒಯ್ದ ಮೊದಲ ವ್ಯವಸ್ಥಿತ ಪ್ರಯತ್ನ ಅದು. ಒಬ್ಬನೇ ವ್ಯಕ್ತಿಯ ಎರಡು ಕೆಲಸಗಳ ಹಣೆಬರಹ ಎಷ್ಟು ಬೇರೆಯಾಯಿತು ನೋಡಿ. ಅವರು ಓದಿಸಿದ ಶಾಸನಗಳಿಗೆ ಸಂಖ್ಯೆ ಬಿತ್ತು, ತಾಲ್ಲೂಕುವಾರು ಪಟ್ಟಿಯಾಯಿತು, ಇಂದಿಗೂ ಸಂಶೋಧಕರು ಆ ಸಂಖ್ಯೆ ಹಿಡಿದೇ ಮಾತಾಡುತ್ತಾರೆ. ಅವರು ತೆರೆಸಿದ ಹೋಬಳಿ ಶಾಲೆಗಳು ಮುಂದೆ ಬೇರೆ ಬೇರೆ ದರ್ಜೆಯ, ಬೇರೆ ಬೇರೆ ಹೆಸರಿನ ಶಾಲೆಗಳಾಗಿ ಕರಗಿಹೋದವು. ನಿಂತ ಕಲ್ಲನ್ನು ಇತಿಹಾಸ ಎಂದೆವು, ನಡೆಯುತ್ತಿರುವ ಶಾಲೆಯನ್ನು ಆಡಳಿತ ಎಂದು ಬಿಟ್ಟುಬಿಟ್ಟೆವು. ಆ ಕಾಲಕ್ಕೆ ಇದು ಸಹಜವಾಗಿತ್ತು, ಏಕೆಂದರೆ ಶಾಲೆ ಆಗ ತೀರ ಹೊಸದು. ನೂರೈವತ್ತು ವರ್ಷ ಕಳೆದ ಮೇಲೂ ಅದನ್ನೇ ಮುಂದುವರಿಸಲು ಕಾರಣವಿಲ್ಲ.

1909–1926: ಸ್ಥಾಪನೆ ಮತ್ತು ಡಾಲಿ ಹಾಲ್

ಮಿಥಿಕ್ ಸೊಸೈಟಿ ಸ್ಥಾಪನೆಯಾದದ್ದು 1909ರಲ್ಲಿ. ಬೆಂಗಳೂರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸ್ ಅದಕ್ಕೆ ಮುಂದಾದರು. ಫ್ರೆಂಚ್ ಮಿಷನರಿ ಫಾದರ್ ಎ. ಎಂ. ತಬಾರ್ ಅಧ್ಯಕ್ಷರಾಗಿ, 1926ರಲ್ಲಿ ತೀರಿಕೊಳ್ಳುವವರೆಗೂ ಸಂಸ್ಥೆಯನ್ನು ಪೊರೆದರು. ದಂಡು ಮತ್ತು ಪೇಟೆ ಎಂದು ಬೆಂಗಳೂರು ಎರಡಾಗಿ, ಎರಡು ಆಡಳಿತಗಳ ಅಡಿಯಲ್ಲಿದ್ದ ಕಾಲ ಅದು. ದಂಡಿನ ಅಧಿಕಾರಿಗಳು, ಮಿಷನರಿಗಳು ಒಂದು ಕಡೆ. ಸಂಸ್ಥಾನದ ಅಧಿಕಾರಿಗಳು, ಪಂಡಿತರು, ವಕೀಲರು, ಅಧ್ಯಾಪಕರು ಇನ್ನೊಂದು ಕಡೆ. ಇಬ್ಬರೂ ಸಮಸಮವಾಗಿ ಕುಳಿತು ಈ ನಾಡಿನ ಇತಿಹಾಸ, ಧರ್ಮ, ಜನಜೀವನವನ್ನು ಚರ್ಚಿಸಲು ಒಂದು ಜಾಗ ಬೇಕಾಗಿತ್ತು. ವಿಶ್ವವಿದ್ಯಾನಿಲಯವೆಂಬುದು ಮೈಸೂರು ಸಂಸ್ಥಾನಕ್ಕೆ ಬಂದದ್ದು 1916ರಲ್ಲಿ ಎಂಬುದನ್ನು ನೆನೆದರೆ, ಅದಕ್ಕಿಂತ ಏಳು ವರ್ಷ ಮೊದಲೇ ತ್ರೈಮಾಸಿಕ ಪತ್ರಿಕೆ ಹೊರಡಿಸಿದ ಈ ಸಂಘ ಯಾವ ಕೊರತೆಯನ್ನು ತುಂಬಿತು ಎಂಬುದು ಸ್ಪಷ್ಟವಾಗುತ್ತದೆ.

ಸಂಸ್ಥೆಗೆ ಸ್ವಂತ ಸೂರು ಸಿಕ್ಕಿದ್ದು ಮೊದಲನೆಯ ಮಹಾಯುದ್ಧದ ನಡುವೆ. 1916ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅಡಿಗಲ್ಲು ಇಟ್ಟರು. 1917ರಲ್ಲಿ ಕಟ್ಟಡ ತೆರೆಯಿತು. ಆಗಷ್ಟೇ ಮೈಸೂರಿನ ರೆಸಿಡೆಂಟ್ ಹುದ್ದೆಯಿಂದ ಇಳಿದಿದ್ದ ಸರ್ ಹ್ಯೂ ಡಾಲಿಯವರ ಹೆಸರನ್ನು ಅದಕ್ಕೆ ಇಟ್ಟದ್ದರಿಂದ ಅದು ಡಾಲಿ ಮೆಮೋರಿಯಲ್ ಹಾಲ್. ಮೇಲುಸ್ತರದ ಅಧಿಕಾರಿಗಳನ್ನು ಗೌರವಿಸುವುದು ಅಂದಿನ ರೂಢಿ; ಅದನ್ನು ಇಂದಿನ ಕಣ್ಣಿನಿಂದ ಜರೆಯಬೇಕಾಗಿಲ್ಲ. ಆದರೆ ಕಟ್ಟಡ ಗೌರವಿಸಿದ್ದು ಒಬ್ಬ ರೆಸಿಡೆಂಟರನ್ನು, ಕಟ್ಟಡದೊಳಗೆ ನಡೆದದ್ದು ಕದಂಬರ, ಗಂಗರ, ಹೊಯ್ಸಳರ ವಿಚಾರ. ಹೊರಗಿನ ಹೆಸರು ಒಂದು, ಒಳಗಿನ ಕೆಲಸ ಇನ್ನೊಂದು. ಹೆಸರಿನ ಫಲಕವೊಂದೇ ಸಂಸ್ಥೆಯ ಚರಿತ್ರೆಯನ್ನು ಹೇಳಲಾರದು ಎಂಬುದನ್ನು ಸೊಸೈಟಿಯ ಕಟ್ಟಡವೇ ತೋರಿಸುತ್ತದೆ.

ಈ ಅವಧಿಯಲ್ಲೇ ಬೆಂಗಳೂರಿನಲ್ಲಿ ಇನ್ನೊಂದು ಮಹತ್ವದ ಸಂಸ್ಥೆ ಹುಟ್ಟಿತು. 1915ರ ಮೇ ತಿಂಗಳಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ರೂಪುಗೊಂಡದ್ದು ಸರ್ಕಾರಿ ಹೈಸ್ಕೂಲಿನಲ್ಲಿ ಸೇರಿದ ಸಮ್ಮೇಳನದಲ್ಲಿ. ಪರಿಷತ್ತಿನ ಚರಿತ್ರೆಯನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ಅದು ಒಂದು ಶಾಲೆಯ ಚರಿತ್ರೆಯೂ ಹೌದು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಊರಿಗೆ ಸಭಾಭವನಗಳು ಇಲ್ಲದ ಕಾಲದಲ್ಲಿ ಶಾಲೆಯ ಹಜಾರವೇ ಸಭಾಭವನ, ಮತಗಟ್ಟೆ, ನಾಟಕದ ರಂಗ, ಮಳೆ ಹೆಚ್ಚಾದಾಗ ಗಂಜಿಕೇಂದ್ರ. ಸ್ಥಳೀಯ ಶಾಲೆಗಳಿಗೂ ಸಮುದಾಯದ ತಾಣಗಳಿಗೂ ಒಂದೇ ಯೋಜನೆ ಸಾಕು ಎನ್ನುವುದು ಇದಕ್ಕಾಗಿಯೇ. ಬಹಳಷ್ಟು ಊರುಗಳಲ್ಲಿ ಇವೆರಡೂ ಒಂದೇ.

1926–1990ರ ದಶಕ: ರಸ್ತೆಯ ಹೆಸರು ಬದಲಾದ ಕಾಲ

ತಬಾರ್ ಅವರ ನಂತರದ ದಶಕಗಳನ್ನು ಬೇಗ ದಾಟಬಹುದು. ಪತ್ರಿಕೆ ಹೊರಟಿತು, ಗ್ರಂಥಾಲಯ ಬೆಳೆಯಿತು, ಉಪನ್ಯಾಸಗಳು ನಡೆದವು. ಇಷ್ಟು ದೀರ್ಘ ಆಯುಸ್ಸಿನ ಸಂಸ್ಥೆಯಲ್ಲಿ ಭಿನ್ನಾಭಿಪ್ರಾಯಗಳು ಇಲ್ಲದಿರುವುದು ಅಸಾಧ್ಯ. ಅವುಗಳ ಆಚೆಗೂ ಕೆಲಸ ನಿಲ್ಲಲಿಲ್ಲ ಎಂಬುದೇ ದಾಖಲಿಸಬೇಕಾದ ಸಂಗತಿ. ಆದರೆ ಇದೇ ಅವಧಿಯಲ್ಲಿ ಸೊಸೈಟಿಯ ಬಾಗಿಲ ಮುಂದಿನ ರಸ್ತೆಯಲ್ಲಿ ನಡೆದ ಒಂದು ಬದಲಾವಣೆ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು, ಅದರ ಬಳಿ ಸ್ವಲ್ಪ ನಿಲ್ಲಬೇಕು.

ಇಂದಿನ ನೃಪತುಂಗ ರಸ್ತೆ ಹಿಂದೆ ಸೆನೋಟಾಫ್ ರಸ್ತೆಯಾಗಿತ್ತು. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಪಡೆಯವರ ಸ್ಮಾರಕಸ್ತಂಭವೊಂದು ಕಾರ್ಪೊರೇಷನ್ ಕಚೇರಿಯ ಬಳಿ ನಿಂತಿತ್ತು. ನಾಗರಿಕರ ಒತ್ತಾಯಕ್ಕೆ ಓಗೊಟ್ಟು 1964ರಲ್ಲಿ ಅದನ್ನು ಕೆಡವಲಾಯಿತು. ಪರಾಜಯದ ನೆನಪನ್ನು ಗೆದ್ದವರ ಬಾಯಲ್ಲಿ ಕೇಳುತ್ತ ಬಾಳಬೇಕೇ ಎಂದು ಸ್ವಾತಂತ್ರ್ಯ ಪಡೆದ ಜನರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಅತ್ತ ಕೃಷ್ಣರಾಜ ಮಾರುಕಟ್ಟೆಯ ಬಳಿಯ ಕೋಟೆಗೋಡೆಯಲ್ಲಿ, 1791ರ ಮಾರ್ಚ್ 21ರಂದು ಬ್ರಿಟಿಷ್ ಪಡೆ ಇಲ್ಲೇ ಒಡೆದು ನುಗ್ಗಿತೆಂದು ಸಾರುವ ಫಲಕ ಉಳಿದುಕೊಂಡಿತು. ಎರಡೂ ಒಂದೇ ಕಾಳಗದ ಗುರುತುಗಳು. ಕೋಟೆಯನ್ನು ಕಾಯುತ್ತ ಅಂದೇ ಪ್ರಾಣಬಿಟ್ಟ ಕಿಲ್ಲೇದಾರ ಬಹಾದ್ದೂರ್ ಖಾನನ ಹೆಸರು ಆ ಕೋಟೆಯ ಫಲಕದಲ್ಲಿ ಇಲ್ಲ. ಕೆಡವಿದ್ದರಿಂದ ಅವನ ಹೆಸರು ಬರಲಿಲ್ಲ, ಉಳಿಸಿದ್ದರಿಂದಲೂ ಬರಲಿಲ್ಲ. ಹಳೆಯ ಗುರುತನ್ನು ಉಳಿಸಬೇಕೇ ಕೆಡವಬೇಕೇ ಎಂಬ ಜಗಳದಲ್ಲಿ, ಅದರಲ್ಲಿ ಏನು ಬರೆದಿದೆ, ಏನು ಬಿಟ್ಟಿದೆ ಎಂಬ ಮೂಲಪ್ರಶ್ನೆಯೇ ಹಿಂದೆ ಸರಿಯುತ್ತದೆ. ಗುರುತುಕಲ್ಲಿನ ಯೋಜನೆಯೆಂದರೆ ಮೊದಲು ಬರಹದ ಯೋಜನೆ. ಕಲ್ಲು, ಹಿತ್ತಾಳೆ, ಅಡಿಪಾಯ ಎಲ್ಲ ಆಮೇಲಿನ ಮಾತು.

2018–2021: ಕಲ್ಲು ಮತ್ತೆ ಜನರ ಕೈಗೆ

ಬೆಂಗಳೂರಿನ ಚರಿತ್ರೆಯಲ್ಲಿ ಸಾಮಾನ್ಯ ನಾಗರಿಕರ ಆಸಕ್ತಿ ಈಚಿನ ವರ್ಷಗಳಲ್ಲಿ ಹೊಸ ರೂಪ ತಳೆದಿದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಶಾಸನ ಕ್ರಿ.ಶ. 750ರ ಸುಮಾರಿನದು, ಊರನ್ನು ಕಾಯುವ ಕಾಳಗದಲ್ಲಿ ಸತ್ತ ವೀರನ ಕಲ್ಲು. ವೃತ್ತಿಪರ ಇತಿಹಾಸಕಾರರಲ್ಲದ ಉತ್ಸಾಹಿಗಳು ಅದರ ಬೆನ್ನು ಹತ್ತಿ, ಊರವರೊಡನೆ ಸೇರಿ ಅದಕ್ಕೊಂದು ಮಂಟಪ ಕಟ್ಟಿಸುವವರೆಗೆ ಬಿಡಲಿಲ್ಲ. ಇಂಥ ಕೆಲಸವನ್ನು ಸೊಸೈಟಿ ತನ್ನದಾಗಿಸಿಕೊಂಡದ್ದು ಅದರ ಚರಿತ್ರೆಯ ದೊಡ್ಡ ತಿರುವು. 2021ರಲ್ಲಿ ಆರಂಭವಾದ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ, ರೈಸರ ಒಂಬತ್ತನೆಯ ಸಂಪುಟದ ಕಲ್ಲುಗಳನ್ನು ಮತ್ತೆ ಹುಡುಕಿ ಸ್ಕ್ಯಾನ್ ಮಾಡತೊಡಗಿತು. ಕೆಲವು ಸಿಕ್ಕವು, ಕೆಲವು ಬಡಾವಣೆಗಳ ಅಡಿ ಸೇರಿದ್ದವು. ಒಂದು ಶತಮಾನದ ಹಿಂದೆ ಅಧಿಕಾರಿಗಳು, ಪಂಡಿತರು ಸೇರುತ್ತಿದ್ದ ಸಂಘ ಹೊಲಗದ್ದೆಗಳ ನಡುವೆ ಊರವರನ್ನು ‘ನಿಮ್ಮ ಕಲ್ಲು ಎಲ್ಲಿದೆ?’ ಎಂದು ಕೇಳುವಂತಾಯಿತು.

ಆ ಅನುಭವ ಕಲಿಸಿದ್ದು ಇಷ್ಟು: ತನ್ನ ಕಲ್ಲಿನಲ್ಲಿ ಏನಿದೆ ಎಂದು ಊರಿಗೆ ಗೊತ್ತಾದರೆ ಆ ಕಲ್ಲು ಉಳಿಯುತ್ತದೆ. ಓದಲಾಗದ ಕಲ್ಲು ಒಗೆಯುವ ಕಲ್ಲಾಗುತ್ತದೆ, ಇಲ್ಲವೇ ಚರಂಡಿಯ ಚಪ್ಪಡಿಯಾಗುತ್ತದೆ. ಇದೇ ಮಾತು ಹಳೆಯ ಶಾಲಾ ಕಟ್ಟಡಕ್ಕೂ ಸಲ್ಲುತ್ತದೆ. ಮಂಗಳೂರು ಹೆಂಚಿನ, ದಪ್ಪ ಗೋಡೆಯ ಕೊಠಡಿಯನ್ನು ‘ಶಿಥಿಲ’ ಎಂದು ಬರೆದು ಕೆಡವುವುದು ಸುಲಭ, ಏಕೆಂದರೆ ಅದು ಏನೆಂದು ಹೇಳುವ ಬರಹ ಅಲ್ಲಿ ಇಲ್ಲ. ಮಕ್ಕಳ ಸಂಖ್ಯೆ ಇಳಿದು ಶಾಲೆಗಳು ಪಕ್ಕದೂರಿನ ಶಾಲೆಯೊಂದಿಗೆ ವಿಲೀನವಾಗುತ್ತಿರುವ ಈ ದಿನಗಳಲ್ಲಿ ಕಟ್ಟಡದ ಜೊತೆಗೆ ದಾಖಲಾತಿ ವಹಿಗಳೂ ಚದುರುತ್ತವೆ. ಕೆಲಸಕ್ಕೆ ಅವಸರವಿರುವುದು ಇಲ್ಲಿ.

945–1162: ಮಾದರಿ ನಮ್ಮಲ್ಲೇ ಇದೆ

ಶಾಲೆಯ ಗುರುತುಕಲ್ಲು ಎಂದೊಡನೆ ಲಂಡನ್ನಿನ ನೀಲಿ ಫಲಕಗಳ ಕಡೆ ನೋಡುವುದು ವಾಡಿಕೆ. 1866ರಲ್ಲಿ ಆರಂಭವಾದ ಆ ವ್ಯವಸ್ಥೆಯಿಂದ ಕಲಿಯುವುದು ಖಂಡಿತ ಇದೆ. ಆದರೆ ಅದು ಮುಖ್ಯವಾಗಿ ಪ್ರಸಿದ್ಧರು ವಾಸವಿದ್ದ ಮನೆಗಳನ್ನು ಗುರುತಿಸುತ್ತದೆ. ಶಾಲೆಯನ್ನು ಗುರುತಿಸುವ ಮಾದರಿ ಕನ್ನಡ ನಾಡಿನಲ್ಲಿ ಸಾವಿರ ವರ್ಷದಿಂದ ಇದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಊರಿನಲ್ಲಿ ಮದುವೆ ಉಪನಯನಗಳಾದಾಗ ಶಾಲೆಗೆ ಸಲ್ಲಬೇಕಾದ ಕಾಣಿಕೆ, ಇವೆಲ್ಲ ಅಲ್ಲಿವೆ. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಘಟಿಕಾಸ್ಥಾನದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಇಷ್ಟು, ಉಪಾಧ್ಯಾಯರು ಇಷ್ಟು ಎಂದು ಲೆಕ್ಕ ಕೊಟ್ಟು, ಗ್ರಂಥಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನೂ ಮರೆಯದೆ ಸೇರಿಸುತ್ತದೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಶಾಸ್ತ್ರಪಾಠದ ಜೊತೆಗೆ ರೋಗಿಗಳ ಆರೈಕೆ, ದೀನರ ಊಟವನ್ನೂ ಹೇಳುತ್ತದೆ.

ಈ ಶಾಸನಗಳಲ್ಲೂ ಪ್ರಶಸ್ತಿಯಿದೆ, ರಾಜನ ಹೊಗಳಿಕೆಯಿದೆ. ಆದರೆ ಹೊಗಳಿಕೆ ಮುಗಿದ ಮೇಲೆ ಶಾಲೆ ದಿನದಿನ ಹೇಗೆ ನಡೆಯುತ್ತದೆ ಎಂಬ ವಿವರ ಬರುತ್ತದೆ: ಎಣ್ಣೆ ಎಲ್ಲಿಂದ, ಅನ್ನ ಎಲ್ಲಿಂದ, ಕಲಿಸುವವರಿಗೆ ಏನು. ನಮ್ಮ ಉದ್ಘಾಟನೆಯ ಕಲ್ಲುಗಳು ಪ್ರಶಸ್ತಿಯ ಭಾಗವನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಕೈಬಿಟ್ಟಿವೆ. ಹಾಗೆಂದು ಹಳೆಯ ಮಾದರಿಯನ್ನು ಕಣ್ಣುಮುಚ್ಚಿ ಒಪ್ಪುವಂತೆಯೂ ಇಲ್ಲ. ಅಗ್ರಹಾರದ ಆ ವಿದ್ಯೆ ಎಲ್ಲರಿಗೂ ತೆರೆದಿರಲಿಲ್ಲ. ಅದನ್ನು ಹೇಳುವ ಅಗತ್ಯ ಆ ಶಾಸನಗಳಿಗೆ ಕಾಣಲಿಲ್ಲ. ಇಂದು ಬರೆಯುವ ಕಲ್ಲು ಅದನ್ನು ಹೇಳಲೇಬೇಕು. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು ದಲಿತ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದಾಗ ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಅವರು ಕೆಲಸ ಮುಂದುವರಿಸಿದರು. ಇಂಥ ಶಾಲೆಯ ಗುರುತುಕಲ್ಲು ಸ್ಥಾಪಕರ ಹೆಸರನ್ನಷ್ಟೇ ಬರೆದು ವಿರೋಧವನ್ನು ಬಿಟ್ಟರೆ ಆ ಶಾಲೆ ಏಕೆ ಬೇಕಾಯಿತು ಎಂಬುದೇ ಓದುಗನಿಗೆ ತಿಳಿಯುವುದಿಲ್ಲ. ಹಾಗೆಯೇ ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರ ಶ್ರಮದಿಂದ 1881ರಲ್ಲಿ ಆರಂಭವಾದ ಮಹಾರಾಣಿ ಹೆಣ್ಣುಮಕ್ಕಳ ಶಾಲೆಯ ಮಹತ್ವ, ಮನೆಯಿಂದ ಹೊರಗೆ ಕಳಿಸಲು ಹಿಂಜರಿಯುತ್ತಿದ್ದ ಕುಟುಂಬಗಳ ಸ್ಥಿತಿಯನ್ನು ಹೇಳದೆ ಅರ್ಥವಾಗದು.

ಮುಂದಿನ ಅವಧಿ: ಯೋಜನೆಯ ರೂಪ, ಆಕ್ಷೇಪಗಳು

ಶಾಲೆಯ ಛಾವಣಿ ಸೋರುವಾಗ, ಶೌಚಾಲಯಕ್ಕೆ ನೀರಿಲ್ಲದಾಗ ಕಲ್ಲು ನಿಲ್ಲಿಸಲು ದುಡ್ಡು ಏಕೆ ಎಂಬುದು ಮೊದಲ ಆಕ್ಷೇಪ. ನ್ಯಾಯವಾದ ಪ್ರಶ್ನೆ. ಉತ್ತರವೆಂದರೆ, ಕಲ್ಲಿನ ಖರ್ಚು ಒಂದು ಕಿಟಕಿಯ ಖರ್ಚನ್ನು ಮೀರಬೇಕಾಗಿಲ್ಲ. ಈ ಕೆಲಸದ ನಿಜವಾದ ಬಂಡವಾಳ ದಾಖಲೆ ಹುಡುಕುವ ಶ್ರಮ. ಅದಕ್ಕಿಂತ ಮುಖ್ಯವಾಗಿ, ತಮ್ಮ ಶಾಲೆಗೆ ತೊಂಬತ್ತು ವರ್ಷವಾಗಿದೆ, ಜಾಗ ಇಂಥವರು ಕೊಟ್ಟದ್ದು ಎಂದು ತಿಳಿದ ಹಳೆಯ ವಿದ್ಯಾರ್ಥಿಗಳೇ ಛಾವಣಿಗೂ ಕೈಹಾಕುತ್ತಾರೆ. ಎರಡನೆಯ ಆಕ್ಷೇಪ: ಫಲಕದಿಂದ ಕಟ್ಟಡಕ್ಕೆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಇದೂ ಸರಿ. ಲಂಡನ್ನಿನಲ್ಲಿ 1867ರಲ್ಲಿ ಮೊದಲ ಫಲಕ ಹೊತ್ತ ಕವಿ ಬೈರನ್ನನ ಹುಟ್ಟುಮನೆಯೇ 1889ರಲ್ಲಿ ನೆಲಸಮವಾಯಿತು. ನಮ್ಮಲ್ಲಿ ಸ್ಮಾರಕಗಳ ಬಗ್ಗೆ 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಇವೆ; ಆದರೆ ಕೇಂದ್ರ ಕಾಯಿದೆ ಕೇಳುವುದು ಕನಿಷ್ಠ ನೂರು ವರ್ಷದ ಹಳಮೆಯನ್ನು. 1940ರ ದಶಕದ ಹಳ್ಳಿ ಶಾಲೆ ಅದರ ಬಲೆಗೆ ಬೀಳುವುದಿಲ್ಲ. ಕಾನೂನು ತಲುಪದ ಕಡೆ ಊರಿನ ತಿಳಿವಳಿಕೆಯೊಂದೇ ಕಾವಲು. ಗುರುತುಕಲ್ಲು ಅದಕ್ಕೆ ಸಾಧನ. ಅದರಿಂದ ಹೆಚ್ಚಿನದನ್ನು ಭರವಸೆ ಕೊಡಬಾರದು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಊರಿಗೊಂದು ಕಲ್ಲು ಎಂದರೆ ಯಾರ ಹೆಸರು ಮೊದಲು ಎಂಬ ಜಗಳ ಹುಟ್ಟುತ್ತದೆ. ಜಾತಿ, ಪಕ್ಷ, ಮನೆತನಗಳು ಸೇರಿಕೊಳ್ಳುತ್ತವೆ. ಇದಕ್ಕೆ ಪರಿಹಾರ ಬರಹದ ಕ್ರಮದಲ್ಲಿದೆ. ಲಂಡನ್ನಿನ ವ್ಯವಸ್ಥೆ ವ್ಯಕ್ತಿ ತೀರಿಕೊಂಡು ಇಪ್ಪತ್ತು ವರ್ಷವಾಗದೆ ಫಲಕ ಕೊಡುವುದಿಲ್ಲ. ಬದುಕಿರುವವರ ಹೆಸರು ಬೇಡ ಎಂಬ ಆ ನಿಯಮವನ್ನು ನಾವೂ ಇಟ್ಟುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಪ್ರತಿ ವಾಕ್ಯಕ್ಕೂ ಕಾಗದದ ಆಧಾರ ಇರಲಿ: ದಾಖಲಾತಿ ವಹಿ, ಸಂದರ್ಶಕರ ಪುಸ್ತಕ, ದಾನಪತ್ರ, ಪಂಚಾಯಿತಿಯ ನಡವಳಿ, ಇಲಾಖೆಯ ವಾರ್ಷಿಕ ವರದಿ. ಹಿರಿಯರ ಬಾಯಿಮಾತನ್ನು ಬಿಡಬೇಕಾಗಿಲ್ಲ. ಅದನ್ನು ಬಾಯಿಮಾತೆಂದೇ ಬರೆಯಬೇಕು. ಕರಡನ್ನು ಕೊರೆಯುವ ಮುನ್ನ ಒಂದು ತಿಂಗಳು ಶಾಲೆಯಲ್ಲೂ ಪಂಚಾಯಿತಿ ಕಚೇರಿಯಲ್ಲೂ ಅಂಟಿಸಿ ಆಕ್ಷೇಪಣೆ ಕರೆಯಬೇಕು. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಈ ಕೆಲಸಕ್ಕೆ ತಕ್ಕ ವೇದಿಕೆ. ಪರಿಶೀಲನೆಯ ಹೊಣೆ ಸೊಸೈಟಿಯಂಥ ಹೊರಗಿನ ವಿದ್ವತ್ ಸಂಸ್ಥೆಯದಾದರೆ ಊರೊಳಗಿನ ಒತ್ತಡ ಕಡಿಮೆಯಾಗುತ್ತದೆ.

ಕ್ಯೂಆರ್ ಕೋಡ್ ಅಂಟಿಸಿದರೆ ಸಾಲದೇ ಎನ್ನುವವರಿದ್ದಾರೆ. ಪೂರಕವಾಗಿ ಇರಲಿ. ಆದರೆ ಸಾಲೋಟಗಿಯ ಕಂಬ ಸಾವಿರ ವರ್ಷ ಬಾಳಿದೆ. ಜಾಲತಾಣದ ವಿಳಾಸಕ್ಕೆ ಹತ್ತು ವರ್ಷದ ಖಾತ್ರಿಯನ್ನೂ ಯಾರೂ ಕೊಡಲಾರರು. ಹಿತ್ತಾಳೆ ಕಳ್ಳರ ಪಾಲಾಗುತ್ತದೆ, ತಗಡಿನ ಬಣ್ಣ ನಾಲ್ಕು ಮಳೆಗಾಲಕ್ಕೆ ಹೋಗುತ್ತದೆ. ಸ್ಥಳೀಯ ಬೆಣಚುಕಲ್ಲೇ ಸಾಕು. ಹಳೆಯ ಗೋಡೆಗೆ ಮೊಳೆ ಹೊಡೆಯದೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಅಂಗಳದಲ್ಲಿ ಪ್ರತ್ಯೇಕವಾಗಿ ನಿಲ್ಲಿಸಬೇಕು. ಬರಹ ಕನ್ನಡದಲ್ಲಿರಲಿ, ನಾಲ್ಕನೆಯ ತರಗತಿಯ ಮಗು ಓದಿ ತಿಳಿಯುವಷ್ಟು ಸರಳವಾಗಿರಲಿ. ಗಡಿಭಾಗದಲ್ಲಿ ಅಲ್ಲಿನ ಮಕ್ಕಳ ಮನೆಮಾತೂ ಇರಲಿ. ಶಾಲೆಗಳ ಕೆಲಸ ಮುಗಿದ ಮೇಲೆ ಗರಡಿಮನೆ, ವಾಚನಾಲಯ, ಉಚಿತ ವಿದ್ಯಾರ್ಥಿನಿಲಯ, ಸಂತೆ ಮೈದಾನ, ಕೆರೆಯ ತೂಬು ಇವಕ್ಕೂ ಇದೇ ಕ್ರಮ ಅನ್ವಯಿಸಬಹುದು.

ಕೆಲಸ ಆರಂಭಿಸಲು ಮಂಜೂರಾತಿಗಾಗಿ ಕಾಯಬೇಕಾಗಿಲ್ಲ. ಈ ಸಂಚಿಕೆಯನ್ನು ಓದುವ ಮುಖ್ಯೋಪಾಧ್ಯಾಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ವಿನಂತಿ: ನಿಮ್ಮ ಶಾಲೆಯ ಮೊತ್ತಮೊದಲ ದಾಖಲಾತಿ ವಹಿ ಈಗ ಯಾವ ಬೀರುವಿನಲ್ಲಿದೆ ಎಂದು ವಿಚಾರಿಸಿ, ಗೆದ್ದಲು ಮುಟ್ಟುವ ಮುನ್ನ ಅದರ ಪುಟಗಳ ಚಿತ್ರ ತೆಗೆದಿಡಿ.